ಪರದೇಶದ ದುಡಿಮೆ ಮತ್ತು ಕೊಟ್ಟ ಮಾತು

"ಮೊದಲು ವಿಸಿಟ್ ವೀಸಾದಲ್ಲಿ ಹೋಗಿಬಿಡಲಿ. ಅಲ್ಲಿ ಇಳಿದ ಮೇಲೆ ಏನಾದರೂ ಒಂದು ಕೆಲಸ ಸಿಕ್ಕೇ ಸಿಗುತ್ತದೆ." ಹತ್ತನೆಯ ತರಗತಿ ದಾಟದ ಮಗನಿರುವ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಹೊಸಕೋಟೆಯಂತಹ ಊರಿನಲ್ಲಿ ಅದು ಇನ್ನಷ್ಟು ಹಗುರವಾಗಿ ಕೇಳಿಸುತ್ತದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ದುಬೈ ಎಂಬುದು ಬೂದಿಗೆರೆ ರಸ್ತೆಯ ಆಚೆ ತುದಿಯಲ್ಲೇ ಇದೆಯೋ ಎನ್ನುವಷ್ಟು ಹತ್ತಿರವಾಗಿದೆ. ಕರಾವಳಿಯ ಮಂಗಳೂರು, ಉಡುಪಿ, ಭಟ್ಕಳಗಳಲ್ಲಿ ಎರಡು ಮೂರು ತಲೆಮಾರಿನಿಂದ ಗಲ್ಫ್ ಕಂಡವರಿದ್ದಾರೆ. ಯಾವ ವೀಸಾ ಒಳ್ಳೆಯದು, ಯಾವ ಏಜೆಂಟನ ಮಾತು ಸುಳ್ಳು ಎಂದು ಹೇಳಬಲ್ಲ ಮಾವನೋ ಚಿಕ್ಕಪ್ಪನೋ ಅಲ್ಲಿಯ ಮನೆಗಳಲ್ಲಿ ಸಿಗುತ್ತಾರೆ. ನಮ್ಮ ಬಯಲುಸೀಮೆಯ ಕಡೆ ಅಂತಹ ಬಳಗ ಕಡಿಮೆ. ಆದ್ದರಿಂದ ಏಜೆಂಟ್ ಹೇಳಿದ್ದೇ ವೇದವಾಕ್ಯವಾಗುತ್ತದೆ.

ಈ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಏಳುತ್ತವೆ. ಪರವಾನಿಗೆ ಇಲ್ಲದೆ ಅನ್ಯದೇಶದಲ್ಲಿ ದುಡಿದ ಹಣ ಹಲಾಲೇ ಎಂಬುದು ಒಂದು. ಹಾಗೆ ಹೋದವನು ಅಲ್ಲಿ ಬದುಕಿ ಬಾಳಬಲ್ಲನೇ ಎಂಬುದು ಇನ್ನೊಂದು. ಮೊದಲನೆಯದನ್ನು ಮಸೀದಿಯ ಇಮಾಮರಲ್ಲಿ, ಎರಡನೆಯದನ್ನು ಏಜೆಂಟನಲ್ಲಿ ಕೇಳುವುದು ವಾಡಿಕೆ. ಆದರೆ ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ವಿಷಯದ ತಿರುಳು ತಿಳಿಯುತ್ತದೆ.

ಮದ್‌ಯನ್‌ನ ಪರದೇಶಿ

ಪರದೇಶದಲ್ಲಿ ಕೂಲಿ ಕೆಲಸಕ್ಕೆ ನಿಂತ ಒಬ್ಬ ಯುವಕನ ವೃತ್ತಾಂತವನ್ನು ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯ ವಿವರವಾಗಿ ಹೇಳುತ್ತದೆ. ಹಝ್ರತ್ ಮೂಸಾ(ಅ)ರು ಪ್ರಾಣಭಯದಿಂದ ಈಜಿಪ್ಟನ್ನು ಬಿಟ್ಟು ಮದ್‌ಯನ್ನಿನ ಬಾವಿಯ ಬಳಿಗೆ ಬಂದಾಗ ಅವರಿಗೆ ಅಲ್ಲಿ ಮನೆಯಿಲ್ಲ, ಪರಿಚಯದವರಿಲ್ಲ, ಕೈಯಲ್ಲಿ ಕಾಸಿಲ್ಲ. ಇಬ್ಬರು ಹೆಣ್ಣುಮಕ್ಕಳ ಕುರಿಗಳಿಗೆ ನೀರು ಕುಡಿಸಿ, ನೆರಳಿಗೆ ಸರಿದು, ತಾನು ಯಾವುದೇ ಒಳಿತಿಗೂ ಹಂಬಲಿಸುವ ಸ್ಥಿತಿಯಲ್ಲಿದ್ದೇನೆಂದು ಪ್ರಭುವಿನಲ್ಲಿ ಮೊರೆಯಿಟ್ಟರು. ಆ ಬಳಿಕ ಹೆಣ್ಣುಮಕ್ಕಳ ತಂದೆಯಿಂದ ಕರೆ ಬಂತು. (ಆ ವೃದ್ಧರು ಹಝ್ರತ್ ಶುಐಬ್(ಅ)ರೆಂದು ಹಲವರು ಹೇಳುತ್ತಾರಾದರೂ ಕುರ್‌ಆನ್ ಅವರ ಹೆಸರನ್ನು ಹೇಳಿಲ್ಲ.)

ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೂಸಾ(ಅ)ರು ಮೊದಲು ತಮ್ಮ ಕಥೆಯನ್ನೆಲ್ಲ ಆ ವೃದ್ಧರ ಮುಂದೆ ಬಿಚ್ಚಿಟ್ಟರು. ತಾನು ಯಾರು, ಏಕೆ ಓಡಿಬಂದೆ ಎಂಬುದನ್ನು ಮುಚ್ಚಿಡಲಿಲ್ಲ. ಎರಡನೆಯದಾಗಿ, ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳಿರೆಂದು ಹೇಳಿದ ಮಗಳು ಬಲಿಷ್ಠನೂ ನಂಬಿಕಸ್ಥನೂ ಆಗಿರುವ ಆಳೇ ಉತ್ತಮನೆಂದಳು. ಬರೀ ತೋಳ್ಬಲವನ್ನು ಹೊಗಳಲಿಲ್ಲ. ಮೂರನೆಯದಾಗಿ, ದುಡಿಮೆಯ ಅವಧಿ ಮೊದಲೇ ನಿಶ್ಚಯವಾಯಿತು. ಎಂಟು ವರ್ಷ, ಹತ್ತು ಪೂರೈಸಿದರೆ ಅದು ಮೂಸಾ(ಅ)ರ ಔದಾರ್ಯ. ಧಣಿಯು ತಾನು ಕಷ್ಟ ಕೊಡಲು ಬಯಸುವುದಿಲ್ಲವೆಂದು ಮಾತು ಕೊಟ್ಟರು. ಆಳು ಈ ಎರಡರಲ್ಲಿ ಯಾವ ಅವಧಿ ಮುಗಿಸಿದರೂ ತನ್ನ ಮೇಲೆ ಅನ್ಯಾಯವಾಗಕೂಡದೆಂದು ಷರತ್ತು ಹಾಕಿ ಅಲ್ಲಾಹನನ್ನು ಸಾಕ್ಷಿ ನಿಲ್ಲಿಸಿದರು. ಏನೂ ಇಲ್ಲದ ಪರದೇಶಿಯೊಬ್ಬನು ತನ್ನ ಹಕ್ಕನ್ನು ಎಷ್ಟು ಸ್ಪಷ್ಟವಾಗಿ ಮಾತಾಡಿಕೊಂಡನು ನೋಡಿ!

"ಮೂಸಾ(ಅ)ರ ಬಳಿ ಯಾವ ವೀಸಾ ಇತ್ತು? ಭೂಮಿ ಅಲ್ಲಾಹನದಲ್ಲವೇ? ಗಡಿಗೆರೆಗಳನ್ನು ಎಳೆದವನು ಮನುಷ್ಯ" ಎಂದು ವಾದಿಸುವವರಿದ್ದಾರೆ. ಭೂಮಿ ಅಲ್ಲಾಹನದೆಂಬುದರಲ್ಲಿ ಸಂದೇಹವಿಲ್ಲ. ಅದರ ಹಾದಿಗಳಲ್ಲಿ ನಡೆದು ಅವನ ಅನ್ನವನ್ನು ಅರಸಲು ಕುರ್‌ಆನ್ ಕರೆಯನ್ನೂ ನೀಡಿದೆ. ಆದರೆ ಇಂದು ವಿಮಾನ ಹತ್ತುವವನ ಸ್ಥಿತಿ ಬೇರೆ. ಅವನು ವೀಸಾ ಅರ್ಜಿಯಲ್ಲಿ ತನ್ನ ಉದ್ದೇಶ 'ಭೇಟಿ' ಎಂದು ಬರೆಯುತ್ತಾನೆ, ಸಹಿ ಹಾಕುತ್ತಾನೆ, ಸಂಬಳಕ್ಕೆ ದುಡಿಯುವುದಿಲ್ಲವೆಂಬ ಷರತ್ತನ್ನು ಒಪ್ಪಿಕೊಳ್ಳುತ್ತಾನೆ. ಒಪ್ಪುವಾಗಲೇ ಮುರಿಯುವ ಸಂಕಲ್ಪ ಅವನ ಮನಸ್ಸಿನಲ್ಲಿರುತ್ತದೆ. ನಮ್ಮ ದೇಶಕ್ಕೆ ಪ್ರವಾಸಿ ವೀಸಾದಲ್ಲಿ ಬಂದ ವಿದೇಶೀಯನೂ ಸಂಬಳಕ್ಕೆ ದುಡಿಯುವಂತಿಲ್ಲ. ಅದನ್ನು ನಾವು ನ್ಯಾಯವೆಂದೇ ತಿಳಿಯುತ್ತೇವೆ.

ಬದ್ರ್ ಯುದ್ಧದ ಕಾಲದ ಒಂದು ಘಟನೆ ಇದಕ್ಕೆ ತೀರಾ ಹತ್ತಿರವಾದುದು. ಹಝ್ರತ್ ಹುಝೈಫಾ(ರ) ಮತ್ತು ಅವರ ತಂದೆ ಮದೀನಾಕ್ಕೆ ಹೋಗುತ್ತಿದ್ದಾಗ ಕುರೈಶರು ದಾರಿಯಲ್ಲಿ ತಡೆದು ಎಲ್ಲಿಗೆ, ಏಕೆ ಎಂದು ವಿಚಾರಿಸಿದರು. ತಾವು ಮದೀನಾಕ್ಕೆ ಮಾತ್ರ ಹೋಗುತ್ತೇವೆ, ಯುದ್ಧದಲ್ಲಿ ಸೇರುವುದಿಲ್ಲ ಎಂದು ಅವರಿಂದ ಮಾತು ಪಡೆದು ಬಿಟ್ಟುಬಿಟ್ಟರು. ಮುಸ್ಲಿಮರ ಸಂಖ್ಯೆ ತೀರಾ ಕಡಿಮೆಯಿದ್ದ ಆ ದಿನ ಒಬ್ಬೊಬ್ಬ ಆಳೂ ಬೇಕಾಗಿದ್ದನು. ಆದರೂ ಪ್ರವಾದಿ(ಸ)ಯವರು ಆ ಇಬ್ಬರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಹೇಳಿ ಯುದ್ಧದಿಂದ ಹೊರಗಿಟ್ಟರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಘಟನೆ ಉಲ್ಲೇಖವಾಗಿದೆ. ದಾರಿಯ ತಪಾಸಣೆಯಲ್ಲಿ ವೈರಿಗೆ ಹೇಳಿದ ಪ್ರಯಾಣದ ಉದ್ದೇಶಕ್ಕೂ ಇಷ್ಟು ಬೆಲೆಯಿದ್ದರೆ, ನಮಗೆ ಬಾಗಿಲು ತೆರೆದ ದೇಶಕ್ಕೆ ಬರೆದುಕೊಟ್ಟ ಉದ್ದೇಶಕ್ಕೆ ಬೆಲೆ ಇಲ್ಲವೇ?

ಹಾಗಾದರೆ ದುಡಿದ ಹಣ? ಮಾಡಿದ ಕೆಲಸ ಸ್ವತಃ ಧರ್ಮಬದ್ಧವಾಗಿದ್ದರೆ, ಅಂದರೆ ಗೋಡೆ ಕಟ್ಟಿದ್ದು, ಮೂಟೆ ಹೊತ್ತದ್ದು, ಪಾತ್ರೆ ತೊಳೆದದ್ದು ಆಗಿದ್ದರೆ, ಅದರ ಕೂಲಿ ಬೆವರಿನ ಫಲವೆಂದೂ, ಷರತ್ತು ಮುರಿದ ತಪ್ಪಿಗೆ ಬೇರೆಯೇ ಹೊಣೆಯಿದೆಯೆಂದೂ ಅನೇಕ ವಿದ್ವಾಂಸರು ಹೇಳುತ್ತಾರೆ. ಆದ್ದರಿಂದ ಅಂತಹ ಮಗ ಕಳಿಸಿದ ಹಣವನ್ನು ಕೈಯಲ್ಲಿ ಹಿಡಿದು ನಡುಗುವ ತಾಯಿಗೆ ಅದು ಕದ್ದ ಹಣವೆಂದು ಹೇಳುವುದು ಸರಿಯಲ್ಲ. ಅದೇ ರೀತಿ, ಇನ್ನೊಬ್ಬ ಮಗನನ್ನು ಅದೇ ದಾರಿಯಲ್ಲಿ ಕಳಿಸಲು ಈ ಮಾತನ್ನು ಪರವಾನಿಗೆಯಾಗಿ ಬಳಸುವುದೂ ಸರಿಯಲ್ಲ.

ಇಹ್ರಾಮಿನೊಳಗಿನ ಉದ್ದೇಶ

ಉಮ್ರಾ ವೀಸಾದಲ್ಲಿ ಹೋಗಿ ಜಿದ್ದಾದಲ್ಲೋ ಮಕ್ಕಾದಲ್ಲೋ ಉಳಿದು ಕೆಲಸ ಹುಡುಕಿಕೊಳ್ಳುವ ಪರಿಪಾಠ ಬಹಳ ಹಳೆಯದು. ಇದನ್ನು ಸಮರ್ಥಿಸುವವರು, ಹಜ್ಜ್‌ನ ಸಂದರ್ಭದಲ್ಲಿ ಪ್ರಭುವಿನ ಅನುಗ್ರಹವನ್ನು ಅರಸುವುದರಲ್ಲಿ ದೋಷವಿಲ್ಲವೆಂದು ಅಲ್ ಬಕರ ಅಧ್ಯಾಯದಲ್ಲಿ ಹೇಳಲಾಗಿದೆಯಲ್ಲ ಎನ್ನುತ್ತಾರೆ. ನಿಜ. ಯಾತ್ರೆಯ ಜೊತೆಗೆ ವ್ಯಾಪಾರ ಮಾಡಿಕೊಳ್ಳಲು ಅನುಮತಿ ಇದೆ. ಆದರೆ ಅಲ್ಲಿ ಮೋಸಕ್ಕೆ ಅನುಮತಿ ಎಲ್ಲಿದೆ? ಯಾತ್ರೆಯ ಹೆಸರಿನಲ್ಲಿ ಪ್ರವೇಶ ಪಡೆದು, ಹಿಂತಿರುಗುವ ದಿನ ಗುಂಪಿನಿಂದ ತಪ್ಪಿಸಿಕೊಂಡವನಿಂದ ತೊಂದರೆಗೆ ಸಿಲುಕುವುದು ಅವನೊಬ್ಬನೇ ಅಲ್ಲ. ಕರೆದುಕೊಂಡು ಹೋದ ಯಾತ್ರಾ ಸಂಸ್ಥೆ ಉತ್ತರ ಹೇಳಬೇಕಾಗುತ್ತದೆ. ಮುಂದಿನ ವರ್ಷ ಅದೇ ಊರಿನ ಯುವಕರ ಅರ್ಜಿಗಳನ್ನು ಅನುಮಾನದಿಂದ ನೋಡಲಾಗುತ್ತದೆ. ಕಅಬಾದ ಮುಂದೆ ಲಬ್ಬೈಕ್ ಎಂದು ಕರೆಗೆ ಓಗೊಟ್ಟ ನಾಲಿಗೆಯೇ ಪೊಲೀಸನ ಮುಂದೆ ಸುಳ್ಳು ಹೆಸರು ಹೇಳುವಂತಾದರೆ ಆ ಉಮ್ರಾದಿಂದ ಪಡೆದುದೇನು?

ಆಝಾದ್ ವೀಸಾ ಎಂಬ ಸರಕು

ಇನ್ನೊಂದು ದಾರಿ 'ಆಝಾದ್ ವೀಸಾ' ಅಥವಾ 'ಫ್ರೀ ವೀಸಾ'. ಕೆಲವರು ಇದನ್ನು ಸರಕಾರವೇ ಕೊಡುವ ಒಂದು ಬಗೆಯ ವೀಸಾ ಎಂದು ತಿಳಿದಿದ್ದಾರೆ. ಅಂತಹ ವೀಸಾ ಯಾವ ದೇಶದ ಕಾನೂನಿನಲ್ಲೂ ಇಲ್ಲ. ಕಾಗದದಲ್ಲಿ ಒಬ್ಬ ಕಫೀಲ್, ಕೆಲಸ ಇನ್ನೊಬ್ಬನ ಬಳಿ, ಹೆಸರಿನ ಬಾಡಿಗೆಯಾಗಿ ಕಫೀಲನಿಗೆ ವರ್ಷಕ್ಕಿಷ್ಟು ಹಣ. ಇಷ್ಟೇ ಅದರ ಗುಟ್ಟು. ಹಣ ಕಟ್ಟುವುದು ತಪ್ಪಿದಾಗ ಅಥವಾ ಕಫೀಲನ ಮನಸ್ಸು ಬದಲಾದಾಗ ಅವನು 'ಹುರೂಬ್' ದಾಖಲಿಸಿದರೆ ಮುಗಿಯಿತು. ಆಳು ಓಡಿಹೋದವನೆಂದು ಪುಸ್ತಕದಲ್ಲಿ ಬರೆಯಲಾಗುತ್ತದೆ. ಇಖಾಮಾ ಕೈಯಲ್ಲಿದ್ದೂ ಅವನು ಕಾಗದವಿಲ್ಲದವನಾಗುತ್ತಾನೆ.

ಈ ಸರಕನ್ನು ಮಾರುವವರು ಅರಬರು ಮಾತ್ರವೆಂದು ಭಾವಿಸಬೇಡಿ. ಮಧ್ಯದಲ್ಲಿ ಕೈಬದಲಾಯಿಸುವವರಲ್ಲಿ ನಮ್ಮವರೇ ಇದ್ದಾರೆ. ಕೆಲವೊಮ್ಮೆ ನಮಾಝಿನ ಸಾಲಿನಲ್ಲಿ ಪಕ್ಕದಲ್ಲೇ ನಿಲ್ಲುವವರು, ಕೆಲವೊಮ್ಮೆ ಸಂಬಂಧಿಕರು. "ನಾನು ಒಬ್ಬ ಬಡ ಹುಡುಗನಿಗೆ ದಾರಿ ಮಾಡಿಕೊಟ್ಟೆ" ಎಂದು ಅವರು ಹೇಳಿಕೊಳ್ಳುತ್ತಾರೆ. ವೀಸಾ ಮಾರಾಟವನ್ನು ಸೌದಿ ಅರೇಬಿಯಾದ ಫತ್ವಾ ಸಮಿತಿಯೇ ಅನುಮತಿಸಿಲ್ಲ. ಅದರಲ್ಲಿ ಸುಳ್ಳೂ ಇದೆ, ಆಳಿನ ಮೇಲಿನ ಅನ್ಯಾಯವೂ ಇದೆ. ದಾರಿ ಮಾಡಿಕೊಡುವುದು ಪುಣ್ಯದ ಕೆಲಸವೆಂದಾದರೆ ಅದಕ್ಕೆ ಲಕ್ಷ ರೂಪಾಯಿ ಬೆಲೆ ಕಟ್ಟುವುದು ಏಕೆ?

2011ರಲ್ಲಿ ಸೌದಿ ಅರೇಬಿಯಾವು ನಿತಾಕತ್ ಎಂಬ ಕ್ರಮವನ್ನು ತಂದು, ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಇಂತಿಷ್ಟು ಕೆಲಸವೆಂದು ಗೊತ್ತುಪಡಿಸಿತು. 2013ರಲ್ಲಿ ಕಾಗದ ಸರಿಪಡಿಸಿಕೊಳ್ಳಲು ನವೆಂಬರ್ ಆರಂಭದವರೆಗೆ ಗಡುವು ಕೊಟ್ಟಾಗ ಈ ಆಝಾದ್ ವೀಸಾದವರ ಪಾಡು ಬೆಳಕಿಗೆ ಬಂತು. ಬಹಳ ಮಂದಿ ಸ್ಥಿತಿ ಸರಿಪಡಿಸಿಕೊಂಡರು. ಲಕ್ಷಕ್ಕೂ ಹೆಚ್ಚು ಭಾರತೀಯರು ಊರಿಗೆ ಮರಳಿದರು. 2017ರಲ್ಲಿ ಅಂತಹದೇ ಇನ್ನೊಂದು ಅವಕಾಶ ನೀಡಲಾಯಿತು. ಅರಬ್ ಸಂಯುಕ್ತ ಸಂಸ್ಥಾನವು 1996, 2007, 2018 ಹಾಗೂ 2024ರಲ್ಲಿ ಕ್ಷಮಾದಾನ ಘೋಷಿಸಿತು. ಇಷ್ಟು ಸಲ ಕ್ಷಮಾದಾನ ನೀಡಬೇಕಾಗಿ ಬಂದದ್ದೇ ಎಷ್ಟು ಜನ ಪ್ರತಿಸಲವೂ ಈ ಬಲೆಗೆ ಬಿದ್ದರೆಂಬುದಕ್ಕೆ ಸಾಕ್ಷಿ.

ಕಾಗದವಿಲ್ಲದವನ ಕೂಲಿ

ಈಗ ಲೆಕ್ಕಕ್ಕೆ ಬರೋಣ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ವಿಸಿಟ್ ವೀಸಾದ ಅವಧಿ ಮುಗಿದ ಬಳಿಕ ಉಳಿದವನಿಗೆ ದಿನಕ್ಕೆ 50 ದಿರ್ಹಮ್ ದಂಡ. ತಿಂಗಳಿಗೆ 1,500 ದಿರ್ಹಮ್. ದಿರ್ಹಮಿಗೆ 23 ರೂಪಾಯಿಯಂತೆ ಹಿಡಿದರೂ 34,500 ರೂಪಾಯಿಯಾಯಿತು. ಕ್ಲೀನರ್ ಅಥವಾ ಹೆಲ್ಪರ್ ಆಗಿ ಕದ್ದು ದುಡಿಯುವವನಿಗೆ 1,000 ದಿರ್ಹಮ್ ಸಿಗುತ್ತದೆಂದು ಇಟ್ಟುಕೊಳ್ಳಿ. ಅವನು ಹಗಲೆಲ್ಲ ದುಡಿದರೂ ರಾತ್ರಿ ಮಲಗುವ ಹೊತ್ತಿಗೆ ಬೆಳಿಗ್ಗೆಗಿಂತ ಹೆಚ್ಚು ಸಾಲಗಾರನಾಗಿರುತ್ತಾನೆ. ಊಟ, ಹಾಸಿಗೆಯ ಬಾಡಿಗೆ, ಊರಿನ ಸಾಲದ ಬಡ್ಡಿ ಇವೆಲ್ಲ ಈ ಲೆಕ್ಕದ ಹೊರಗಿವೆ.

2022ರಲ್ಲಿ ಆ ದೇಶವು ಕೆಲಸ ಹುಡುಕುವವರಿಗಾಗಿಯೇ ಒಂದು ವೀಸಾ ಆರಂಭಿಸಿತು. ಏಜೆಂಟರು ಅದರ ಹೆಸರನ್ನೂ ಬಳಸುತ್ತಾರೆ. ಆದರೆ ಅದು ಪದವಿ ಪಡೆದವರಿಗೆ, ಕುಶಲ ವೃತ್ತಿಯವರಿಗೆ ಮೀಸಲು; ಮೂಟೆ ಹೊರುವವನಿಗೆ, ಗಾರೆ ಕಲಸುವವನಿಗೆ ಅದು ಸಿಗುವುದಿಲ್ಲ. 2024ರಲ್ಲಿ ಕಾನೂನು ಇನ್ನಷ್ಟು ಬಿಗಿಯಾಗಿ, ಪರವಾನಿಗೆ ಇಲ್ಲದವನನ್ನು ಕೆಲಸಕ್ಕಿಟ್ಟುಕೊಂಡ ಧಣಿಗೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡ ವಿಧಿಸಲಾಯಿತು. ಇಷ್ಟೊಂದು ಅಪಾಯವನ್ನು ತಲೆಯ ಮೇಲೆ ಹೊತ್ತುಕೊಂಡು ಒಬ್ಬನನ್ನು ಇಟ್ಟುಕೊಳ್ಳುವ ಧಣಿ ಎಂತಹವನು? ಕಡಿಮೆ ಕೂಲಿ ಕೊಡಬೇಕು, ಕೊಡದಿದ್ದರೂ ಕೇಳುವವರಿರಬಾರದು ಎಂದು ಬಯಸುವವನು.

ಇಲ್ಲೇ ನಾವು ಮೊದಲು ಹೇಳಿದ ಎರಡು ಪ್ರಶ್ನೆಗಳು ಒಂದಾಗುವುದು. ಆಳನ್ನು ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪುನರುತ್ಥಾನ ದಿನದಂದು ತಾನೇ ವಾದಿಯಾಗುವೆನೆಂದು ಅಲ್ಲಾಹನು ಹೇಳಿರುವುದು ಸಹೀಹ್ ಬುಖಾರಿಯಲ್ಲಿದೆ. ಕಾಗದವಿಲ್ಲದ ಆಳಿಗೂ ಈ ಹಕ್ಕು ಇದೆ. ಅವನ ಕೂಲಿಯನ್ನು ನುಂಗಿದವನಿಗೆ ಅವನ ವೀಸಾದ ದೋಷ ನೆಪವಾಗುವುದಿಲ್ಲ. ಆದರೆ ಇಹಲೋಕದ ನ್ಯಾಯಾಲಯದ ಮೆಟ್ಟಿಲು ಹತ್ತಲು ಅವನು ಹೆದರುತ್ತಾನೆ. ದೂರು ಕೊಟ್ಟರೆ ಮೊದಲು ಬಂಧನಕ್ಕೊಳಗಾಗುವವನು ತಾನೇ ಎಂದು ಅವನಿಗೆ ಗೊತ್ತು. ಬ್ಯಾಂಕಿನಲ್ಲಿ ಖಾತೆಯಿಲ್ಲ, ಆದ್ದರಿಂದ ಹಣವನ್ನು ಹುಂಡಿಯವನ ಕೈಗೆ ಕೊಡಬೇಕು; ಅವನು ಮೋಸ ಮಾಡಿದರೂ ಬಾಯಿ ಬಿಡುವಂತಿಲ್ಲ. ಜ್ವರ ಬಂದರೆ ಆಸ್ಪತ್ರೆಗೆ ಹೋಗಲು ಭಯ. ತಾಯಿ ತೀರಿಕೊಂಡರೆ ಊರಿಗೆ ಬರಲು ದಾರಿಯಿಲ್ಲ. ಕರಾರನ್ನು ಮುರಿದು ಒಳಗೆ ಹೋದವನಿಗೆ ಹಿಡಿದು ನಿಲ್ಲಲು ಯಾವ ಕರಾರೂ ಉಳಿಯುವುದಿಲ್ಲ. ಮದ್‌ಯನ್ನಿನಲ್ಲಿ ಮೂಸಾ(ಅ)ರು ತನ್ನ ಮೇಲೆ ಅನ್ಯಾಯವಾಗಕೂಡದೆಂದು ತಲೆಯೆತ್ತಿ ಹೇಳಲು ಸಾಧ್ಯವಾದದ್ದು ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲವಾದ್ದರಿಂದ.

ಒಂದು ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಹೊಸಕೋಟೆಯ ಹೆದ್ದಾರಿಯುದ್ದಕ್ಕೂ ಎದ್ದಿರುವ ಗೋದಾಮುಗಳಲ್ಲಿ, ಪಿಲ್ಲಗುಂಪೆಯ ಕಾರ್ಖಾನೆಗಳಲ್ಲಿ, ನಮ್ಮವರದೇ ಹೋಟೆಲು ವರ್ಕ್‌ಶಾಪುಗಳಲ್ಲಿ ಬಿಹಾರ, ಅಸ್ಸಾಮ್, ಒಡಿಶಾಗಳಿಂದ ಬಂದ ಹುಡುಗರು ದುಡಿಯುತ್ತಿದ್ದಾರೆ. ಇಲ್ಲಿಯ ಭಾಷೆ ಬಾರದು, ಕೇಳುವವರಿಲ್ಲ ಎಂದು ಅವರ ತಿಂಗಳ ಕೊನೆಯ ಹಣವನ್ನು ತಡೆಹಿಡಿಯುವವರು ದುಬೈಯ ಧಣಿಯನ್ನು ಬಯ್ಯುವ ಅರ್ಹತೆಯನ್ನು ಕಳೆದುಕೊಂಡಿದ್ದಾರೆ.

ಕಲಬುರಗಿಯ ಯುವಕರು

ಕಾಗದ ಓದದೆ ಸಹಿ ಹಾಕಿದರೆ ಏನಾಗಬಹುದೆಂಬುದನ್ನು ನಮ್ಮ ರಾಜ್ಯವೇ ಕಂಡಿದೆ. ಕಲಬುರಗಿ ಜಿಲ್ಲೆಯ ಮೂವರು ಯುವಕರು ರಷ್ಯಾದಲ್ಲಿ ಭದ್ರತಾ ಸಿಬ್ಬಂದಿಯ ಅಥವಾ ಸಹಾಯಕರ ಕೆಲಸವೆಂದು ನಂಬಿ 2023ರ ಕೊನೆಯಲ್ಲಿ ಹೋದರು. ಹೋದ ಮೇಲೆ ತಿಳಿದದ್ದು, ತಾವು ಸೇರಿದ್ದು ಸೈನ್ಯಕ್ಕೆ ಎಂದು. 2024ರ ಫೆಬ್ರವರಿಯಲ್ಲಿ ಅವರ ಮನೆಯವರ ಅಳಲು ಪತ್ರಿಕೆಗಳಲ್ಲಿ ಬಂತು. ಸೆಪ್ಟೆಂಬರಿನಲ್ಲಿ ಅವರು ಜೀವಂತವಾಗಿ ಊರಿಗೆ ಮರಳಿದರು. ಹೀಗೆ ಹೋದ ಬೇರೆ ರಾಜ್ಯಗಳ ಕೆಲವರು ಯುಕ್ರೇನಿನ ಯುದ್ಧಭೂಮಿಯಲ್ಲಿ ಪ್ರಾಣ ಕಳೆದುಕೊಂಡರು. ಅಂತಹ ಹಲವರಿಂದ ಓದಲು ಬಾರದ ರಷ್ಯನ್ ಭಾಷೆಯ ಕರಾರಿಗೆ ಸಹಿ ಮಾಡಿಸಿಕೊಳ್ಳಲಾಗಿತ್ತು. ಸಾಲದ ವ್ಯವಹಾರವನ್ನೂ ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಹೊಣೆ ಹೊರುವವನು ಹೇಳಿ ಬರೆಸಬೇಕು ಎಂದು ಅಲ್ ಬಕರ ಅಧ್ಯಾಯವು ಇಷ್ಟೊಂದು ವಿವರವಾಗಿ ಏಕೆ ಹೇಳುತ್ತದೆಂಬುದು ಇಂತಹ ಸಂದರ್ಭದಲ್ಲಿ ಅರ್ಥವಾಗುತ್ತದೆ.

ಮನೆಯವರು ಕೇಳಬೇಕಾದುದು

ಹೊರಡುವವನಿಗೆ ಅವಸರ ಇರುತ್ತದೆ. ಆದ್ದರಿಂದ ಕೇಳುವ ಕೆಲಸ ಮನೆಯ ಹಿರಿಯರದು. ಒಡವೆ ಅಡವಿಡುವ ಮೊದಲೇ ಕೇಳಬೇಕು.

1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ಸೇರಿಸುವವನು ಕೇಂದ್ರ ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಇಲ್ಲದಿದ್ದರೆ ಅದು ಅಪರಾಧ. ನೋಂದಾಯಿತ ಏಜೆಂಟರ ಹೆಸರುಗಳು ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಸಿಗುತ್ತವೆ. 'ಸಬ್ ಏಜೆಂಟ್' ಎಂಬ ಸ್ಥಾನ ಈ ಕಾಯ್ದೆಯಲ್ಲಿಲ್ಲ. ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಅದಕ್ಕೆ ರಸೀದಿ ಕೊಡಲೇಬೇಕು. ಒಂದೂವರೆ ಲಕ್ಷ ಕೇಳಿ, ರಸೀದಿ ಎಂದಾಗ ನಗುವವನು ಯಾರೆಂದು ಹೆಚ್ಚು ವಿವರಿಸಬೇಕಾಗಿಲ್ಲ.

ಹತ್ತನೆಯ ತರಗತಿ ಪಾಸಾಗದವನಿಗೆ ಸಾಮಾನ್ಯವಾಗಿ 'ಇಸಿಆರ್' ಎಂದು ಗುರುತಿರುವ ಪಾಸ್‌ಪೋರ್ಟ್ ಸಿಗುತ್ತದೆ. ಅಂತಹವನು ಗಲ್ಫ್ ಮತ್ತು ಮಲೇಷ್ಯಾ ಸಹಿತ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಸಂರಕ್ಷಣಾಧಿಕಾರಿಯ ಒಪ್ಪಿಗೆ ಪಡೆಯಬೇಕು. ಆ ಕಚೇರಿ ಬೆಂಗಳೂರಿನಲ್ಲೂ ಇದೆ. ಇದನ್ನು ಜನ ಅಡ್ಡಿ ಎಂದು ಭಾವಿಸುತ್ತಾರೆ. ವಾಸ್ತವದಲ್ಲಿ ಆ ಒಪ್ಪಿಗೆಯ ಹಿಂದೆ ಕರಾರಿನ ಪರಿಶೀಲನೆ ಇದೆ, ಧಣಿಯ ಹೆಸರು ದಾಖಲಾಗುತ್ತದೆ, ಪ್ರವಾಸಿ ಭಾರತೀಯ ವಿಮಾ ಯೋಜನೆಯ 10 ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆ. ಎರಡು ವರ್ಷಕ್ಕೆ ಅದರ ಕಂತು 275 ರೂಪಾಯಿ ಮತ್ತು ತೆರಿಗೆ. ವಿಸಿಟ್ ವೀಸಾದಲ್ಲಿ ಹೋಗುವವನಿಗೆ ಈ ಒಪ್ಪಿಗೆ ಬೇಕಾಗಿಲ್ಲ. ಏಜೆಂಟರಿಗೆ ಸಿಕ್ಕಿದ ಕಿಂಡಿ ಇದೇ. ಒಪ್ಪಿಗೆಯ ಜೊತೆಗೆ ಕರಾರೂ ವಿಮೆಯೂ ಕೈಬಿಟ್ಟು ಹೋಗುತ್ತವೆ. ಕಟ್ಟಡದ ಮೇಲಿಂದ ಬಿದ್ದು ಸತ್ತರೆ ಹೆಂಡತಿ ಮಕ್ಕಳ ಕೈಗೆ ಏನೂ ಬರುವುದಿಲ್ಲ. ಹತ್ತನೆಯ ತರಗತಿಯ ನಕಲಿ ಅಂಕಪಟ್ಟಿ ಮಾಡಿಸಿ ಈ ತಪಾಸಣೆಯಿಂದ ಪಾರಾಗುವವರೂ ಇದ್ದಾರೆ. ಸುಳ್ಳು ಸಾಕ್ಷ್ಯವನ್ನು ಪ್ರವಾದಿ(ಸ)ಯವರು ಮಹಾಪಾಪಗಳ ಸಾಲಿನಲ್ಲಿ ಇರಿಸಿರುವುದನ್ನು ಅವರು ಒಮ್ಮೆ ನೆನೆಯಲಿ.

ಸಹೋದರಿಯರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಇಸಿಆರ್ ಪಾಸ್‌ಪೋರ್ಟಿನ ಮಹಿಳೆ 30 ವರ್ಷ ತುಂಬದೆ ಈ ದೇಶಗಳಿಗೆ ಮನೆಗೆಲಸಕ್ಕೆ ಹೋಗುವಂತಿಲ್ಲ. ತುಂಬಿದವರೂ ಸರಕಾರಿ ಸಂಸ್ಥೆಗಳ ಮೂಲಕವೇ ಹೋಗಬೇಕು. ವಿಸಿಟ್ ವೀಸಾದಲ್ಲಿ ಒಂದು ಮನೆಯೊಳಗೆ ಸೇರಿಕೊಂಡವಳ ಪಾಸ್‌ಪೋರ್ಟ್ ಯಜಮಾನನ ಕಪಾಟಿನಲ್ಲಿದ್ದರೆ ಆ ಮನೆಯ ಬಾಗಿಲೇ ಅವಳಿಗೆ ದೇಶದ ಗಡಿಯಾಗುತ್ತದೆ.

ಹೊರದೇಶಕ್ಕೆ ಹೋಗಲೇಬೇಡಿ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಗಲ್ಫಿನ ದುಡಿಮೆಯಿಂದ ಎಷ್ಟೋ ಮನೆಗಳು ಎದ್ದಿವೆ, ಎಷ್ಟೋ ಹೆಣ್ಣುಮಕ್ಕಳು ಓದಿದ್ದಾರೆ. ಆದರೆ ಹಗ್ಗ ಹಿಡಿದು ಸೌದೆ ಹೊರೆ ಹೊತ್ತು ಮಾರುವುದು ಬೇಡುವುದಕ್ಕಿಂತ ಮೇಲೆಂದು ಕಲಿಸಿದ ಧರ್ಮದಲ್ಲಿ ನರಸಾಪುರದ ಕಾರ್ಖಾನೆಯ ಪಾಳಿಗೆ ಹೋಗುವುದು ಕೀಳಲ್ಲ. ಒಂದು ವರ್ಷ ಎಲೆಕ್ಟ್ರಿಷಿಯನ್ ಅಥವಾ ವೆಲ್ಡರ್ ಕೆಲಸ ಕಲಿತು, ಬಿಟ್ಟ ಹತ್ತನೆಯ ತರಗತಿಯನ್ನು ಖಾಸಗಿಯಾಗಿ ಕಟ್ಟಿ ಪಾಸು ಮಾಡಿಕೊಂಡು ಹೋಗುವವನು ಬೇರೆಯೇ ಬಾಗಿಲಿನಿಂದ ಒಳಗೆ ಹೋಗುತ್ತಾನೆ. ಆ ಒಂದು ವರ್ಷಕ್ಕೆ ತಗಲುವ ಖರ್ಚು ಏಜೆಂಟ್ ಕೇಳುವುದಕ್ಕಿಂತ ಎಷ್ಟೋ ಕಡಿಮೆ. ಬಡ್ಡಿಗೆ ಸಾಲ ಮಾಡಬೇಕಾದ ಪ್ರಮೇಯವೂ ಬಾರದು.

ಈಗಾಗಲೇ ಅಲ್ಲಿ ಸಿಕ್ಕಿಕೊಂಡವರು

ಮಗ ಈಗಾಗಲೇ ಹೋಗಿ ಅವಧಿ ಮೀರಿದ್ದರೆ ಮನೆಯವರು ಮೊದಲು ಮಾಡಬೇಕಾದುದು ಹಣ ಕಳಿಸೆಂದು ಒತ್ತಾಯಿಸುವುದನ್ನು ನಿಲ್ಲಿಸುವುದು. "ಬರಿಗೈಯಲ್ಲಿ ಬಂದರೆ ಊರಿನವರು ಏನೆನ್ನುತ್ತಾರೆ" ಎಂಬ ಒಂದು ಮಾತಿಗೆ ಹೆದರಿ ವರ್ಷಗಟ್ಟಲೆ ಅಡಗಿ ಕೂತವರಿದ್ದಾರೆ. ಭಾರತೀಯ ರಾಯಭಾರ ಕಚೇರಿ ವೀಸಾದ ತಪ್ಪನ್ನು ನೋಡಿ ತನ್ನ ಪ್ರಜೆಯನ್ನು ಹೊರಗೆ ಕಳಿಸುವುದಿಲ್ಲ. ಪಾಸ್‌ಪೋರ್ಟ್ ಕಳೆದುಹೋಗಿದ್ದರೆ ಊರಿಗೆ ಮರಳಲು 'ಔಟ್ ಪಾಸ್' ಕೊಡುತ್ತದೆ. 2009ರಲ್ಲಿ ಸ್ಥಾಪಿಸಲಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಅರ್ಹರಾದ ನಿರ್ಗತಿಕರಿಗೆ ವಿಮಾನದ ಟಿಕೆಟು, ಕಾನೂನಿನ ನೆರವು ಸಿಗುವುದುಂಟು. ದೂರುಗಳಿಗಾಗಿ 2015ರಿಂದ 'ಮದದ್' ಎಂಬ ವ್ಯವಸ್ಥೆ ಇದೆ. ಊರಿನಲ್ಲಿ ಕೂತು ಮನೆಯವರೇ ಅದರಲ್ಲಿ ದೂರು ದಾಖಲಿಸಬಹುದು. ಅದಕ್ಕೆ ಬೇಕಾಗುವುದು ಮಗನ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ಅವನು ಉಳಿದಿರುವ ಜಾಗದ ವಿಳಾಸ, ದುಡಿಸಿಕೊಂಡವನ ಹೆಸರು, ಬಾಕಿ ಕೂಲಿಯ ಲೆಕ್ಕ, ಏಜೆಂಟನಿಗೆ ಹಣ ಕೊಟ್ಟ ದಿನಾಂಕ ಮತ್ತು ಸಾಕ್ಷಿ. ಇವುಗಳನ್ನು ಹೊರಡುವ ದಿನವೇ ಮನೆಯ ಪೆಟ್ಟಿಗೆಯಲ್ಲಿ ಒಂದು ಪ್ರತಿ ಮಾಡಿ ಇಟ್ಟಿರಬೇಕು. ಇಟ್ಟಿಲ್ಲದಿದ್ದರೆ ಇಂದು ರಾತ್ರಿ ಮಗ ಫೋನ್ ಮಾಡಿದಾಗ ಹಣದ ಬದಲು ಇವುಗಳನ್ನು ಕೇಳಿ ಬರೆದುಕೊಳ್ಳಿ.